ಅಮೆರಿಕನ್ ಫುಟ್‌ಬಾಲ್: ಪಾಸ್ ಹಿಡಿಯೋದು ಹೇಗೆ, ಯಾಮಾರಿಸೋದು ಹೇಗೆ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಜೊತೆ ಫ್ಲ್ಯಾಗ್ ಫುಟ್‌ಬಾಲ್ ಕೂಡ ಇದೆ. ಇದು ಅಮೆರಿಕನ್ ಫುಟ್‌ಬಾಲಿನ ಸಾಧು ತಮ್ಮ. ಕೆಡವಿ ಬೀಳಿಸುವಂತಿಲ್ಲ, ಸೊಂಟದ ಪಟ್ಟಿ ಕಿತ್ತರೆ ಸಾಕು. ಹಾಗಾಗಿ ಇಲ್ಲಿ ಪಾಸಿನದೇ ದರ್ಬಾರು. ಪಾಸ್ ಬೇಕೆಂದರೆ ಮೊದಲು ರೂಟ್ ಬರಬೇಕು. ಅಂದರೆ ರಿಸೀವರ್ (ಪಾಸ್ ಹಿಡಿಯುವವನು) ಎಷ್ಟು ಗಜ ಓಡಬೇಕು, ಎತ್ತ ತಿರುಗಬೇಕು ಅನ್ನುವ ಲೆಕ್ಕ.

ಸ್ಲಾಂಟ್ ಎಂಬ ರೂಟ್‌ನಿಂದ ಶುರು ಮಾಡಿ. ನೀವು ಮೈದಾನದ ಎಡಗಡೆ ನಿಂತಿದ್ದೀರಿ ಎಂದುಕೊಳ್ಳಿ. ಬಲಗಾಲು ಮುಂದೆ, ಎಡಗಾಲು ಹಿಂದೆ. ಎಡ, ಬಲ, ಎಡ ಎಂದು ನೇರ ಮೂರು ಹೆಜ್ಜೆ ಹಾಕಿ. ಮೂರನೆಯ ಹೆಜ್ಜೆಯನ್ನು ಗಟ್ಟಿಯಾಗಿ ಊರಿ, ಬಲಕ್ಕೆ ಓರೆಯಾಗಿ ಒಳನುಗ್ಗಿ. ಕೈ ಆಗಲೇ ಎದೆಯ ಮುಂದಿರಬೇಕು, ಯಾಕೆಂದರೆ ಚೆಂಡು ಆಗಲೇ ಹೊರಟಿರುತ್ತದೆ. ಕಾವಲಿನವನು ಮೊದಲೇ ವಾಸನೆ ಹಿಡಿದರೆ ಮಾತ್ರ ಕಷ್ಟ. 2015ರ ಸೂಪರ್ ಬೌಲ್‌ನಲ್ಲಿ (ಅಮೆರಿಕನ್ ಫುಟ್‌ಬಾಲಿನ ಫೈನಲ್) ಸಿಯಾಟಲ್ ತಂಡಕ್ಕೆ ಗೆಲ್ಲಲು ಬೇಕಿದ್ದದ್ದು ಒಂದೇ ಗಜ. ಸ್ಲಾಂಟ್ ಎಸೆದರು. ಮಾಲ್ಕಮ್ ಬಟ್ಲರ್ ಅಡ್ಡ ಬಂದು ಚೆಂಡು ಕಸಿದ, ಕಪ್ ಅವನ ತಂಡ ಪೇಟ್ರಿಯಾಟ್ಸ್ ಪಾಲಾಯಿತು.

ಮುಂದಿನದು ಔಟ್. ಸುಮಾರು ಹತ್ತು ಗಜ ನೇರ ಓಡಿ, ಅಂಚಿನ ಗೆರೆಯ ಕಡೆ ಥಟ್ಟನೆ ತಿರುಗಿ. ನೀವು ತಿರುಗುವ ಮೊದಲೇ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಎಸೆದಿರಬೇಕು. ತಡವಾದರೆ ಎದುರಾಳಿ ಹಿಡಿದು ಓಡುತ್ತಾನೆ, ಅವನ ಮುಂದೆ ತಡೆಯುವವರು ಯಾರೂ ಇರುವುದಿಲ್ಲ. ಇನ್ನು ಕರ್ಲ್ ಎಂದರೆ ಅಷ್ಟೇ ದೂರ ಓಡಿ, ನಿಂತು, ಎಸೆಯುವವನ ಕಡೆ ಮುಖ ಮಾಡುವುದು. ಗೋ ಎಂದರೆ ಸುಮ್ನೆ ನೇರ ಓಡುವುದು. ಪೋಸ್ಟ್ ಎಂದರೆ ಅರ್ಧ ದಾರಿಯಲ್ಲಿ ಗೋಲ್ ಕಂಬದ ಕಡೆ ವಾಲುವುದು.

ಇವು ಕಾಲಿಗೆ ಒಗ್ಗಿದ ಮೇಲೆಯೇ ಯಾಮಾರಿಸುವ ಆಟ. ನೇರ ಆಟಕ್ಕೆ ನಾಲ್ಕು ಸಲ ಹೆದರಿದವನು ಮಾತ್ರ ಐದನೇ ಸಲ ಮೋಸ ಹೋಗುತ್ತಾನೆ ಅಲ್ವಾ?

ನಿಯಮ ಒಂದು ನೆನಪಿರಲಿ: ಒಂದು ಆಟದಲ್ಲಿ (ಇಡೀ ಪಂದ್ಯವಲ್ಲ, ಚೆಂಡು ಹೊರಟಾಗಿನಿಂದ ನಿಲ್ಲುವವರೆಗಿನ ಒಂದು ಸರದಿ) ಮುಂದಕ್ಕೆ ಎಸೆಯಲು ಒಂದೇ ಅವಕಾಶ, ಹಿಂದಕ್ಕೆ ಎಷ್ಟು ಸಲ ಬೇಕಾದರೂ ಎಸೆಯಬಹುದು. ಫ್ಲೀ ಫ್ಲಿಕರ್ ಎಂಬ ಯಾಮಾರಿಸುವ ಆಟ ನಿಂತಿರುವುದೇ ಇದರ ಮೇಲೆ. ಚೆಂಡನ್ನು ರನ್ನಿಂಗ್ ಬ್ಯಾಕ್‌ಗೆ, ಅಂದರೆ ಚೆಂಡು ಹಿಡಿದು ಓಡುವವನಿಗೆ ಕೊಡಿ. ಅವನು ಆಟ ಶುರುವಾದ ಗೆರೆಯತ್ತ ಎರಡು ಮೂರು ಹೆಜ್ಜೆ ನಿಜವಾಗಿಯೂ ನುಗ್ಗಲಿ, ದಾಟಬಾರದು. ಹಿಂದಿನ ಕಾವಲಿನವರು ಅವನನ್ನು ಹಿಡಿಯಲು ಮುಂದೆ ಬರುತ್ತಾರೆ. ಆಗ ಅವನು ತಿರುಗಿ ಚೆಂಡನ್ನು ಕ್ವಾರ್ಟರ್‌ಬ್ಯಾಕ್‌ಗೆ ವಾಪಸ್ ಎಸೆಯಬೇಕು. ಅಷ್ಟರಲ್ಲಿ ಪೋಸ್ಟ್ ಓಡುತ್ತಿದ್ದ ರಿಸೀವರ್ ಕಾವಲಿನವರನ್ನೆಲ್ಲ ದಾಟಿ ಒಬ್ಬನೇ ಇರುತ್ತಾನೆ, ಪಾಸ್ ಅವನಿಗೇ.

ಎಸೆಯುವವನಿಗೂ ಕ್ಯಾಚ್ ಅಭ್ಯಾಸ ಮಾಡಿಸಿ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. 2018ರ ಸೂಪರ್ ಬೌಲ್‌ನಲ್ಲಿ ಎರಡೂ ತಂಡಗಳು ತಮ್ಮ ಕ್ವಾರ್ಟರ್‌ಬ್ಯಾಕ್‌ಗೇ ಪಾಸ್ ಎಸೆದವು. ಪೇಟ್ರಿಯಾಟ್ಸ್‌ನ ಟಾಮ್ ಬ್ರೇಡಿ ಚೆಂಡು ಕೈಬಿಟ್ಟರು. ಈಗಲ್ಸ್‌ನ ನಿಕ್ ಫೋಲ್ಸ್ ಹಿಡಿದರು, ಟಚ್‌ಡೌನ್ (ಈ ಆಟದ ಗೋಲು ಇದ್ದಂತೆ). ಆ ಪಂದ್ಯ ಈಗಲ್ಸ್‌ಗೆ 41-33.