ಠಾಣೆಯ ಕ್ಯಾಮೆರಾ ಮತ್ತು ಮಂಗಳವಾರದ ಬುತ್ತಿ

ನಾನು ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಕಳವು ಕೇಸಿನ ಚಾರ್ಜ್‌ಶೀಟ್ ಬಿಚ್ಚಿದರೆ ಅದರಲ್ಲಿ ಆರೋಪಿಯ ‘ಸ್ವಇಚ್ಛಾ ಹೇಳಿಕೆ’ ಇದ್ದೇ ಇರುತ್ತದೆ. ಅದರ ಕೊನೆಯ ಸಾಲು ನನಗೆ ಬಾಯಿಪಾಠ. ‘ನನ್ನನ್ನು ಕರೆದುಕೊಂಡು ಹೋದಲ್ಲಿ ವಾಹನ ಬಚ್ಚಿಟ್ಟಿರುವ ಜಾಗವನ್ನು ತೋರಿಸಿಕೊಡುತ್ತೇನೆ.’ ಡಿಗ್ರಿ ಓದಿದವನಿರಲಿ, ಹೆಬ್ಬೆಟ್ಟು ಒತ್ತುವವನಿರಲಿ, ಎಲ್ಲರೂ ಇದನ್ನೇ ಹೇಳಿರುತ್ತಾರೆ. ಅದೂ ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡದಲ್ಲಿ!

ಆ ಸಾಲು ಸುಮ್ನೆ ಬರುವುದಲ್ಲ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದನ್ನು ಆರೋಪಿಯ ಮೇಲೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೇ ಎವಿಡೆನ್ಸ್ ಆಕ್ಟಿನ 25, 26ನೇ ಸೆಕ್ಷನ್ ಹಾಗೆ ಹೇಳುತ್ತಿದ್ದವು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23 ಹೇಳುತ್ತದೆ. ಆದರೆ ಆ ಮಾತಿನ ಜಾಡು ಹಿಡಿದು ಏನಾದರೂ ವಸ್ತು ಸಿಕ್ಕರೆ, ಅಷ್ಟು ಮಾತು ಮಾತ್ರ ನಡೆಯುತ್ತದೆ. ಹಾಗಾಗಿ ನಾಲ್ಕು ಪುಟದ ಹೇಳಿಕೆಯ ಜೀವ ಇರುವುದು ಆ ಒಂದು ಸಾಲಿನಲ್ಲಿ.

‘ಆ ಮಾತು ಹೇಳಿಸಿದ್ದನ್ನ ವಿಡಿಯೋ ಮಾಡಲೇಬೇಕು ಅಂತ ಕಾನೂನು ಇಲ್ವಾ ಮೇಡಂ?’ ಎಂದು ಕಕ್ಷಿದಾರರು ಕೇಳುತ್ತಾರೆ. ಇಲ್ಲ. ಹಳೇ ಸಿಆರ್‌ಪಿಸಿಯ ಬದಲು 2024ರ ಜುಲೈ 1ರಿಂದ ಜಾರಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಬಿಎನ್‌ಎಸ್‌ಎಸ್‌ನಲ್ಲೂ ಇಲ್ಲ. ಪೊಲೀಸರು ಪಡೆಯುವ ಹೇಳಿಕೆಯನ್ನು ವಿಡಿಯೋದಲ್ಲಿ ದಾಖಲಿಸ‘ಬಹುದು’ ಎನ್ನುತ್ತದೆ ಸೆಕ್ಷನ್ 180. ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆಗೆ ಸೆಕ್ಷನ್ 183. ಅಲ್ಲೂ ‘ಬಹುದು’, ಮಾಡಿದರೆ ಆರೋಪಿಯ ವಕೀಲರು ಹಾಜರಿರಬೇಕು. ವಿಚಾರಣೆ ನಡೆಯುವಾಗ ವಕೀಲರನ್ನು ಕಾಣುವ ಹಕ್ಕು ಸೆಕ್ಷನ್ 38ರಲ್ಲಿದೆ, ಆದರೆ ಪೂರ್ತಿ ಹೊತ್ತು ಜೊತೆಗೆ ಕೂರುವಂತಿಲ್ಲ. ಕಡ್ಡಾಯ ಇರುವುದು ಸೆಕ್ಷನ್ 105ರಲ್ಲಿ: ಶೋಧನೆ, ಜಪ್ತಿ ಮಾಡುವಾಗ ವಿಡಿಯೋ ತೆಗೆಯಲೇಬೇಕು.

ಅಂದರೆ ಬೈಕು ಸಿಕ್ಕಿದ್ದಕ್ಕೆ ವಿಡಿಯೋ ಇರುತ್ತದೆ. ಹುಡುಗ ಬಾಯಿ ಬಿಟ್ಟಿದ್ದು ಹೇಗೆ ಎನ್ನುವುದಕ್ಕೆ ಇರುವುದಿಲ್ಲ. ನನಗಂತೂ ಇದು ತಲೆಕೆಳಗು ಅನಿಸುತ್ತದೆ.

ಈ ಕಂದರದಲ್ಲಿ ನಮಗೆ ಸಿಕ್ಕ ಒಂದೇ ಹಲಗೆ ಠಾಣೆಯ ಸಿಸಿಟಿವಿ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಗೇಟು, ಒಳ ಬರುವ ಹೊರ ಹೋಗುವ ದಾರಿ, ಲಾಕಪ್, ಪಡಸಾಲೆ, ಇನ್ಸ್‌ಪೆಕ್ಟರ್ ಕೋಣೆ, ಹಿತ್ತಿಲು, ಎಲ್ಲಾ ಕಡೆ ಕ್ಯಾಮೆರಾ ಇರಬೇಕು. ರಾತ್ರಿಯೂ ಕಾಣಬೇಕು, ಮಾತೂ ಕೇಳಿಸಬೇಕು. ದೃಶ್ಯ 18 ತಿಂಗಳು ಉಳಿಯಬೇಕು, ಅಂಥ ಯಂತ್ರ ಸಿಗದಿದ್ದರೆ ಕಡಿಮೆ ಅಂದರೂ ಒಂದು ವರ್ಷ. ಕೆಟ್ಟರೆ ವರದಿ ಮಾಡಿ ಸರಿ ಮಾಡಿಸುವ ಹೊಣೆ ಠಾಣಾಧಿಕಾರಿಯದು. ಜನರನ್ನು ಕೂರಿಸಿ ಪ್ರಶ್ನಿಸುವ ಸಿಬಿಐ, ಎನ್‌ಐಎ, ಇ.ಡಿ.ಗಳ ಕಚೇರಿಗೂ ಇದೇ ನಿಯಮ.

ಆದೇಶ ಓದಿದ್ದೆ. ಉಪಯೋಗಿಸಲು ಬರಲಿಲ್ಲ. ಮೊದಲ ಸಲ ನಾನು ದೃಶ್ಯ ಕೇಳಿದ್ದು ತನಿಖಾಧಿಕಾರಿಯ ಪಾಟಿ ಸವಾಲಿನ ಹೊತ್ತಿಗೆ. ಘಟನೆ ನಡೆದು ಎರಡು ವರ್ಷ ದಾಟಿತ್ತು. ‘ಅವಧಿ ಮುಗಿದು ಅಳಿಸಿ ಹೋಗಿದೆ’ ಎಂದು ಒಂದು ಸಾಲಿನ ಉತ್ತರ ಬಂತು. ಅವರದ್ದು ತಪ್ಪು ಅಂತ ಹೇಗೆ ಹೇಳಲಿ? ಮಲಗಿದ್ದವಳು ನಾನು.

ಎರಡನೇ ಸಲ ಒಬ್ಬ ಗ್ಯಾರೇಜ್ ಹುಡುಗನ ಕೇಸು. ಬೈಕ್ ಕಳವು. ಗುರುವಾರ ಸಂಜೆ ರಿಮಾಂಡಿಗೆ ಕರೆತಂದರು. ಅರೆಸ್ಟ್ ಮೆಮೊದಲ್ಲಿ ಗುರುವಾರ ಬೆಳಿಗ್ಗೆ 11 ಗಂಟೆ ಅಂತ ಇತ್ತು. ಕಾರಿಡಾರಿನಲ್ಲಿ ಅವನ ತಾಯಿ ನನ್ನ ಕೈ ಹಿಡಿದು, ‘ಮಂಗಳವಾರ ರಾತ್ರಿನೇ ಬುತ್ತಿ ತಗಂಡು ಹೋಗಿದ್ದೆ ಮೇಡಂ, ಬೆಂಚಿನ ಮೇಲೆ ಕೂರ್ಸಿದ್ರು’ ಎಂದರು. ‘ಎಷ್ಟು ಹೊತ್ತಿಗಮ್ಮಾ?’ ಎಂದೆ. ಧಾರಾವಾಹಿ ಮುಗಿದ ಮೇಲೆ ಹೊರಟಿದ್ದಂತೆ. ಒಂಬತ್ತೂವರೆ ಇರಬಹುದು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು ಅಂತ ಸೆಕ್ಷನ್ 58 ಇದೆ. ತಾಯಿ ಹೇಳಿದ್ದು ನಿಜವಾದರೆ ಹುಡುಗ ಎರಡು ರಾತ್ರಿ ಲೆಕ್ಕಕ್ಕೇ ಇಲ್ಲದೆ ಠಾಣೆಯಲ್ಲಿದ್ದ. ಸ್ವಇಚ್ಛಾ ಹೇಳಿಕೆ ಹುಟ್ಟಿದ್ದು ಆ ಎರಡು ರಾತ್ರಿಗಳ ಮಗ್ಗುಲಲ್ಲಿ.

ವಕಾಲತ್ತಿನ ಜೊತೆಯಲ್ಲೇ ಅರ್ಜಿ ಹಾಕಿದೆ, ದಾಖಲೆ ತರಿಸಿಕೊಳ್ಳುವ ಸೆಕ್ಷನ್ 94ರ ಅಡಿ. ಅರ್ಜಿ ಬರೆಯುವುದರಲ್ಲೇ ಅರ್ಧ ಕೆಲಸ ಇದೆ. ‘ಸಿಸಿಟಿವಿ ದೃಶ್ಯ ಕೊಡಿಸಬೇಕು’ ಅಂತ ಬರೆದರೆ ಅದು ತಕರಾರಿಗೆ ಹೋಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ನಾನು ಮೊದಲ ಬೇಡಿಕೆಯಾಗಿ ಕೇಳಿದ್ದು ಅಳಿಸದೆ ಕಾಪಾಡಿ ಅಂತ ಮಾತ್ರ. ಅದಕ್ಕೆ ಸರ್ಕಾರದ ಪರ ವಕೀಲರಾದ ಎಪಿಪಿಯವರೂ ಜಾಸ್ತಿ ವಿರೋಧ ಮಾಡಲಿಲ್ಲ. ಮಾಡಲು ಕಾರಣವೂ ಇರಲಿಲ್ಲ, ಅಲ್ವಾ? ಪ್ರತಿ ಕೊಡಿ ಎನ್ನುವುದು ಎರಡನೇ ಬೇಡಿಕೆ. ಗೇಟು, ಪಡಸಾಲೆಯ ಬೆಂಚು, ಇನ್ಸ್‌ಪೆಕ್ಟರ್ ಕೋಣೆ, ಲಾಕಪ್ ಮುಂಭಾಗ ಎಂದು ಜಾಗ ಹೆಸರಿಸಿದೆ. ಮಂಗಳವಾರ ಸಂಜೆ 6ರಿಂದ ಗುರುವಾರ ಮಧ್ಯಾಹ್ನ 12ರವರೆಗೆ ಎಂದು ಗಂಟೆ ಬರೆದೆ. ಕ್ಯಾಮೆರಾ ಕೆಟ್ಟಿತ್ತು ಎನ್ನುವುದಾದರೆ, ಕೆಟ್ಟ ದಿನ ವರದಿ ಮಾಡಿದ ಕಾಗದ ಹಾಜರುಪಡಿಸಲಿ ಎಂಬ ಸಾಲನ್ನೂ ಸೇರಿಸಿದೆ. ಆ ಸಾಲೇ ಕೆಲಸ ಮಾಡಿತು ಅಂತ ಈಗಲೂ ನನ್ನ ಗುಮಾನಿ.

ಪ್ರತಿ ತೆಗೆಯುವ ದಿನ ನಾನೂ ಹೋಗಿದ್ದೆ. ರೈಟರ್ ಸಾಹೇಬ್ರು ದೃಶ್ಯ ದಾಖಲಿಸುವ ಡಿವಿಆರ್ ಡಬ್ಬದ ಮೇಲಿನ ಧೂಳು ಊದಿ, ‘ಇದರ ಪಾಸ್‌ವರ್ಡ್ ನಮಗೇ ಗೊತ್ತಿಲ್ಲ ಮೇಡಂ’ ಎಂದರು. ಟೆಕ್ನೀಷಿಯನ್ ಬಂದು ತೆರೆದ. ತೆರೆದ ತಕ್ಷಣ ನಾನು ನೋಡಿದ್ದು ಪರದೆಯ ಮೂಲೆಯ ಗಡಿಯಾರ. ನನ್ನ ಫೋನಿಗಿಂತ 37 ನಿಮಿಷ ಮುಂದಿತ್ತು. ಅದನ್ನು ಮಹಜರಿನಲ್ಲಿ ಬರೆಸಿದೆ. ಬರೆಸದಿದ್ದರೆ ಮುಂದೆ ಇಡೀ ದೃಶ್ಯದ ಹೊತ್ತೇ ಜಗಳಕ್ಕೆ ಬೀಳುತ್ತಿತ್ತು. ಪೆನ್‌ಡ್ರೈವ್ ಜೊತೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದ ಎರಡೂ ಭಾಗ ಕೇಳಿದೆ: ಯಂತ್ರ ನೋಡಿಕೊಳ್ಳುವವರದು ಒಂದು, ತಜ್ಞರದು ಒಂದು. ಫೈಲನ್ನು ಯಾರೂ ತಿದ್ದಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆ ಅದರಲ್ಲೇ ಇರಬೇಕು. ಅದಿಲ್ಲದೆ ಪೆನ್‌ಡ್ರೈವ್ ಅಂದರೆ ಬರೀ ಪ್ಲಾಸ್ಟಿಕ್.

ಇನ್ಸ್‌ಪೆಕ್ಟರ್ ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ. ಮಾತು ಎಲ್ಲೂ ಕೇಳಿಸಲಿಲ್ಲ. ಆದರೆ ಪಡಸಾಲೆಯ ಕ್ಯಾಮೆರಾದಲ್ಲಿ ಮಂಗಳವಾರ ರಾತ್ರಿ, 37 ನಿಮಿಷ ಕಳೆದರೆ 9.44ಕ್ಕೆ, ಆ ತಾಯಿ ಬರುತ್ತಾರೆ. ಕೈಯಲ್ಲಿ ಮೂರು ಡಬ್ಬದ ಸ್ಟೀಲ್ ಕ್ಯಾರಿಯರ್. ಬೆಂಚಿನ ತುದಿಗೆ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಹುಡುಗನನ್ನು ಅವರ ಎದುರೇ ಲಾಕಪ್ ಕಡೆಯಿಂದ ಕರೆತಂದು ಇನ್ಸ್‌ಪೆಕ್ಟರ್ ಕೋಣೆಯೊಳಗೆ ಬಿಡುತ್ತಾರೆ, ಬಾಗಿಲು ಮುಚ್ಚುತ್ತದೆ. ಮುಂದೆ ಒಂದು ತಾಸು ಪರದೆಯಲ್ಲಿ ಆ ಬಾಗಿಲು, ಈ ಬುತ್ತಿ, ಅಷ್ಟೇ.

ಒಳಗೆ ಏನಾಯಿತು ಅಂತ ನಾನು ಸಾಬೀತು ಮಾಡಲಾರೆ. ಅರೆಸ್ಟ್ ಮೆಮೊದ ‘ಗುರುವಾರ ಬೆಳಿಗ್ಗೆ 11’ ಸುಳ್ಳು ಅಂತ ತೋರಿಸಬಲ್ಲೆ. ಹುಡುಗನಿಗೆ ಜಾಮೀನು ಸಿಕ್ಕಿದೆ, ಕೇಸು ಇನ್ನೂ ನಡೆಯುತ್ತಿದೆ. ಸೆಕ್ಷನ್ 105ರ ಜಪ್ತಿ ವಿಡಿಯೋವನ್ನೂ ಪಡೆದಿದ್ದೇನೆ. ಅದರ ಮೊದಲ ಚಿತ್ರದಲ್ಲೇ ಹುಡುಗ ಕೈ ಚಾಚಿ ಬೈಕು ತೋರಿಸುತ್ತಾ ನಿಂತಿದ್ದಾನೆ. ಮಂಗಳವಾರ ಹಾಕಿದ್ದ ಅಂಗಿಯೇ ಮೈಮೇಲಿದೆ. ಪಾಟಿ ಸವಾಲಿನಲ್ಲಿ ಮೊದಲ ಪ್ರಶ್ನೆ ಆ ಅಂಗಿಯ ಬಗ್ಗೆ ಕೇಳಬೇಕೋ, ಬುತ್ತಿಯ ಬಗ್ಗೆಯೋ, ಇನ್ನೂ ತೀರ್ಮಾನಿಸಿಲ್ಲ.