ಕಾಫಿ ಕಣದಲ್ಲಿ ಜೀಪಿನ ಮೈ ಕಟ್ಟಿದ್ದು

ಕೊಡಗಿನ ತೋಟಗಳಲ್ಲಿ ಹಳೆಯ ಜೀಪಿನ ಎಂಜಿನ್ ಕೈಕೊಡುವುದಕ್ಕೆ ಬಹಳ ಮೊದಲೇ ಬಾಡಿ ಕೈಕೊಡುತ್ತದೆ. ಮಾದಾಪುರದ ಕಡೆಯ ನಮ್ಮ ಮಹೀಂದ್ರ ಸಿಜೆ-3ಬಿಗೂ ಅದೇ ಗತಿ. ಎಲ್ಲರೂ ಮಳೆಯನ್ನು ದೂರುತ್ತಾರೆ, ನಾನು ಗೊಬ್ಬರವನ್ನು ದೂರುತ್ತೇನೆ. ಕಾಫಿಗೆ ಹಾಕುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿಯದು. ಹರಿದ ಚೀಲದಿಂದ ಉದುರಿದ್ದು ಹಿಂದಿನ ಫ್ಲೋರಿನ ಮೂಲೆಯಲ್ಲಿ ಕೂತು, ಮಳೆಗಾಲದ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ.

ಸಿದ್ಧ ಬಾಡಿ ತರಿಸುವ ದಾರಿಯೂ ಇತ್ತು. ಆದರೆ ಜೀಪಿನ ಮೈ ಯುದ್ಧಕಾಲದ ವಿನ್ಯಾಸದಿಂದ ಬಂದದ್ದು, ಬಹುಪಾಲು ಚಪ್ಪಟೆ ತಗಡು ಮತ್ತು ನೇರ ಮಡಿಕೆ. ಅಂಬಾಸಿಡರ್‌ನ ದುಂಡು ಮಡ್‌ಗಾರ್ಡ್ ಆಗಿದ್ದರೆ ಕೈಯಾರೆ ಕಟ್ಟುವ ಈ ಸಾಹಸಕ್ಕೆ ನಾನು ಇಳಿಯುತ್ತಲೇ ಇರಲಿಲ್ಲ. ರೊಬಸ್ಟಾ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮಳೆ ಹಿಡಿಯುವುದರೊಳಗೆ ಕೆಲಸ ಹಿಡಿದೆ. ತಗಡು ಹಾಸಿ ಗೆರೆ ಎಳೆಯಲು ಸಿಮೆಂಟಿನ ಕಣಕ್ಕಿಂತ ಸಮತಟ್ಟಾದ ಜಾಗ ತೋಟದಲ್ಲಿ ಇನ್ನೊಂದಿಲ್ಲ.

ತಗಡಿಗೆ 18 ಗೇಜಿನ ಸಿಆರ್‌ಸಿಎ ಎಂಬ ನುಣುಪಾದ, ಲೇಪವಿಲ್ಲದ ಉಕ್ಕಿನ ಷೀಟ್ ತಂದೆ, ಸುಮಾರು 1.2 ಮಿಲಿಮೀಟರ್ ದಪ್ಪದ್ದು. ಚಾವಣಿಗೆ ಹಾಕಿ ಮಿಕ್ಕ ಜಿಐ (ಸತು ಲೇಪಿಸಿದ) ಷೀಟ್ ಇದೆಯಲ್ಲ ಎಂದು ಮನೆಯಲ್ಲಿ ಹೇಳಿದರು. ಅದು ತೀರಾ ತೆಳು. ಸಾಲದ್ದಕ್ಕೆ ವೆಲ್ಡಿಂಗ್ ಶಾಖಕ್ಕೆ ಸತುವಿನ ಲೇಪ ಸುಟ್ಟು ಬರುವ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ.

ಮೊದಲು ರಟ್ಟಿನಲ್ಲಿ ಅಳತೆ ತೆಗೆದೆ. ತುಕ್ಕು ತಿಂದ ಅಂಚನ್ನು ನಂಬುವಂತಿಲ್ಲ, ಆದ್ದರಿಂದ ಬೋಲ್ಟಿನ ತೂತುಗಳನ್ನೇ ಆಧಾರವಾಗಿಟ್ಟುಕೊಂಡು ರಟ್ಟನ್ನು ಗಾಡಿಯ ಮೇಲೆ ಕೂರಿಸಿ ನೋಡಿ, ಒಪ್ಪಿದ ಮೇಲಷ್ಟೇ ತಗಡಿಗೆ ಇಳಿಸಿದೆ. ಮಡಿಕೆಗೆ ಯಂತ್ರವಿಲ್ಲ. ಎರಡು ಆಂಗಲ್ ಕಬ್ಬಿಣಗಳ ನಡುವೆ ತಗಡನ್ನು ಕ್ಲ್ಯಾಂಪ್ ಮಾಡಿ ಮರದ ಕೊಡತಿಯಿಂದ ಬಡಿದೆ. ಕೊಡತಿ ಕಿತ್ತು ಹಾಕಿದ್ದ ಹಳೆಯ ಕಾಫಿ ಗಿಡದ ಬುಡದ್ದು. ಆ ಮರ ಗಟ್ಟಿ, ಆದರೂ ತಗಡಿನ ಮೇಲೆ ಗುರುತು ಬೀಳಿಸುವುದಿಲ್ಲ. ಒಂದೇ ಕಡೆ ಪೂರ್ತಿ ಮಡಿಸಿದರೆ ಅಂಚು ಅಲೆಯಾಗುತ್ತದೆ. ಈ ತುದಿಯಿಂದ ಆ ತುದಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಹೋಗಬೇಕು.

ಕಷ್ಟವಿದ್ದದ್ದು ಮಡ್‌ಗಾರ್ಡಿನ ಹೊರಮೂಲೆಯಲ್ಲಿ. ದುಂಡು ಮೂಲೆಯ ಸುತ್ತ ಅಂಚನ್ನು ಕೆಳಗೆ ಮಡಿಸಿದಾಗ ಅಲ್ಲಿ ತಗಡು ಹೆಚ್ಚಾಗಿ, ಸೀರೆಯ ನೆರಿಗೆಯಂತೆ ಮಡಿಕೆ ಬೀಳುತ್ತದೆ. ಮೂಲೆಯ ಆಕಾರಕ್ಕೆ ಕೆತ್ತಿದ ಮರದ ಅಚ್ಚಿನ ಮೇಲೆ ತಗಡನ್ನು ಬಿಗಿದು, ಒಂದೊಂದೇ ನೆರಿಗೆಯನ್ನು ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ, ತುದಿಯಿಂದ ಒಳಕ್ಕೆ ತಟ್ಟಿ ಅಡಗಿಸಿದೆ. ಅಲ್ಲಿ ತಗಡು ತುಸು ದಪ್ಪವಾಗುತ್ತದೆ, ಅದು ಒಳ್ಳೆಯದೇ. ತ್ರಿಕೋನಗಳಾಗಿ ಕತ್ತರಿಸಿ ಬೆಸೆಯುವವರೂ ಇದ್ದಾರೆ. ನನಗೆ ಅದು ಹಿಡಿಸದು. ಪ್ರತಿ ಬೆಸುಗೆಯೂ ನಾಳಿನ ತುಕ್ಕಿಗೆ ಒಂದು ಬಾಗಿಲು.

ಬೆಸುಗೆಗೆ 0.8 ಮಿಲಿಮೀಟರ್ ತಂತಿಯ ಮಿಗ್ ಯಂತ್ರವನ್ನು, ಎಂದರೆ ತಂತಿಯನ್ನೇ ಕರಗಿಸಿ ಬೆಸೆಯುವ ವಿದ್ಯುತ್ ಯಂತ್ರವನ್ನು, ಬಾಡಿಗೆಗೆ ತಂದೆ. ಕುಶಾಲನಗರದ ಹಿರಿಯ ಟಿಂಕರ್ ಒಬ್ಬರು ಬಂದು ನೋಡಿ, “ಸಾಹುಕಾರರೇ, ಗೆರೆ ಎಳೆದ ಹಾಗೆ ಬೆಸೆಯಬೇಡಿ, ಚುಕ್ಕಿ ಇಡಿ” ಎಂದರು. ಇಲ್ಲೊಂದು ಚುಕ್ಕಿ, ಅದರಿಂದ ದೂರದಲ್ಲಿ ಇನ್ನೊಂದು, ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ನಡುವೆ ಮತ್ತೊಂದು. ಬೆಸುಗೆ ಆರುವಾಗ ಕುಗ್ಗಿ ಅಕ್ಕಪಕ್ಕದ ತಗಡನ್ನು ಎಳೆಯುತ್ತದೆ. ಗ್ರೈಂಡರ್ ಹಿಡಿದ ಮೇಲೆ ಅಡಿಯಲ್ಲಿ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಬೆಸುಗೆಯನ್ನೇ ಸುತ್ತಿಗೆಯಿಂದ ತಟ್ಟಿದರೆ ಅದು ಹಿಗ್ಗಿ ಸೊಟ್ಟ ಬಿಡುತ್ತದೆ. ಈ ಹಂತದಲ್ಲಿ ಬೇಸತ್ತವರೇ ಸೊಟ್ಟ ಮುಚ್ಚಲು ಪುಟ್ಟಿಯ ಡಬ್ಬಿ ತೆರೆಯುವುದು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಾಣದ ಕಡೆಯ ಬಗ್ಗೆ ಹೇಳಬೇಕು. ಎರಡು ತಗಡು ಒಂದರ ಮೇಲೊಂದು ಕೂರುವಲ್ಲಿ ಬೆಸೆಯುವ ಮೊದಲೇ ಸತುವಿನ ಪ್ರೈಮರ್ ಬಳಿದೆ. ಫ್ಲೋರಿನ ಅಡಿಯ ಟೋಪಿಯಾಕಾರದ ಪಟ್ಟಿಗಳು ಮೊದಲು ಎರಡೂ ತುದಿಯಲ್ಲಿ ಕೆಸರಿನಿಂದ ಕಟ್ಟಿಕೊಂಡಿದ್ದವು. ಹೊಸದರ ತುದಿಗಳನ್ನು ತೆರೆದಿಟ್ಟು, ತಗ್ಗಿನಲ್ಲಿ ನೀರು ಇಳಿಯಲು ತೂತು ಕೊರೆದೆ. ನಮ್ಮ ಹವೆಯಲ್ಲಿ ಬೆಳಗ್ಗೆ ಉಜ್ಜಿದ ತಗಡು ಮರುದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಅಂದು ಉಜ್ಜಿದ್ದಕ್ಕೆ ಅಂದೇ ಎಪಾಕ್ಸಿ ಪ್ರೈಮರ್. ರೆಡ್ ಆಕ್ಸೈಡ್ ಒಂದನ್ನೇ ಬಳಿದು ಬಿಟ್ಟರೆ ಅದು ತೇವವನ್ನು ತಡೆಯುವುದಿಲ್ಲ.

ಬಾನೆಟ್ ಮಾತ್ರ ನನ್ನ ಕೈಯದ್ದಲ್ಲ. ಎತ್ತರದ ಎಂಜಿನ್ನಿಗಾಗಿ ಎತ್ತರವಾದ ಸಿಜೆ-3ಬಿ ಬಾನೆಟ್ಟಿಗೆ ಅಂಚಿನುದ್ದಕ್ಕೂ ಹದವಾದ ಬಾಗು ಇದೆ. ಕೊಡತಿಯಿಂದ ಅದನ್ನು ತರಹೋದರೆ ಉಬ್ಬುತಗ್ಗು ಖಚಿತ. ಗುಜರಿಯಲ್ಲಿ ಸಿಕ್ಕ ಒಂದನ್ನು ತಂದು, ಕೊಳೆತ ಅಂಚನ್ನಷ್ಟೇ ಬದಲಿಸಿದೆ.