ಗರ್ಭಿಣಿಯಾಗಿದ್ದಾಗ ಡೈವೋರ್ಸ್: ಯಾವ ಅರ್ಜಿ ಮೊದಲು, ಯಾವುದಕ್ಕೆ ಸಹಿ ಹಾಕಬಾರದು

‘ಬಸುರಿಗೆ ಕೋರ್ಟು ಡೈವೋರ್ಸ್ ಕೊಡಲ್ಲ.’ ಈ ಮಾತು ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಗರ್ಭಿಣಿಗೆ ಡೈವೋರ್ಸ್ ಸಿಗುವುದಿಲ್ಲ ಎಂಬ ಸುದ್ದಿ 2024ರಲ್ಲಿ ಮೊಬೈಲ್‌ಗಳಲ್ಲಿ ಓಡಾಡಿದ ಮೇಲೆ ಇದನ್ನು ನಂಬುವವರೂ ಸಿಗುತ್ತಾರೆ.

ನಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಇಲ್ಲ, 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ಇಲ್ಲ. ಆರು ತಿಂಗಳ ಗರ್ಭಿಣಿ ಅರ್ಜಿ ಹಾಕಿದರೆ, ಬಸುರಿ ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಕಾಯ್ದೆಗಳಲ್ಲಿ ಎರಡು ಕಡೆ ‘ಒಂದು ವರ್ಷ’ ಎಂಬ ಷರತ್ತು ಬರುತ್ತದೆ. ಗರ್ಭಿಣಿಯ ಪಾಲಿಗೆ ಆ ಎರಡೂ ತಡೆಯಾಗಿಯೇ ನಿಲ್ಲುತ್ತವೆ. ಆ ತಡೆ ದಾಟಿಸುತ್ತೇವೆ ಎಂದು ಸುಳ್ಳು ಬರೆಸಿ ಸಹಿ ಹಾಕಿಸುವವರಿದ್ದಾರೆ. ಹಾಗೆ ಸಹಿ ಹಾಕಿ ಆಮೇಲೆ ಒದ್ದಾಡುವ ಹೆಣ್ಣುಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹೆಜ್ಜೆ 1: ಕಾಗದ ಕೂಡಿಸಿ

ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್, ಆಸ್ಪತ್ರೆ ಬಿಲ್ಲು, ಲಗ್ನಪತ್ರಿಕೆ, ಮದುವೆ ಫೋಟೊ, ಗಂಡನ ಸಂಬಳದ ಚೀಟಿ ಸಿಕ್ಕರೆ ಅದು. ಎಲ್ಲದಕ್ಕೂ ಜೆರಾಕ್ಸ್ ಮಾಡಿಸಿ, ಮೂಲ ಪ್ರತಿ ನಂಬಿಕೆಯವರ ಮನೆಯಲ್ಲಿಡಿ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಗರ್ಭ ಎಷ್ಟು ವಾರದ್ದು ಎಂದು ಬರೆದಿರುತ್ತದೆ. ಮುಂದೆ ಯಾರಾದರೂ ತಾರೀಖಿನ ಬಗ್ಗೆ ತಕರಾರು ತೆಗೆದರೆ ನಿಮ್ಮ ಪರ ನಿಲ್ಲುವುದು ಅದೇ.

ಹೊಡೆತ ಬಿದ್ದು ಆಸ್ಪತ್ರೆಗೆ ಹೋಗಿದ್ದರೆ ಡಾಕ್ಟರ ಹತ್ತಿರ ನಿಜ ಹೇಳಿ. ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದು ಅತ್ತೆ ಹೇಳಿಕೊಟ್ಟದ್ದನ್ನೇ ಹೇಳಿದರೆ ಅದೇ ದಾಖಲೆಯಾಗುತ್ತದೆ. ಆಮೇಲೆ ಅದನ್ನು ತಿದ್ದಿಸುವುದು ತುಂಬಾ ಕಷ್ಟ.

ಹೆಜ್ಜೆ 2: ಬಾಣಂತನಕ್ಕೆ ಹೋಗುವ ಮುಂಚೆ ಒಂದು ಸಾಲು ಬರೆಯಿರಿ

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಆದರೆ ಜಗಳ ಕೋರ್ಟಿಗೆ ಹೋದ ಮೇಲೆ ಅದೇ ಪ್ರಯಾಣವನ್ನು ‘ಹೇಳದೆ ಕೇಳದೆ ಮನೆ ಬಿಟ್ಟು ಹೋದಳು’ ಎಂದು ಬರೆಯುತ್ತಾರೆ. ಸಂಸಾರಕ್ಕೆ ವಾಪಸು ಬಾ ಎಂದು ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 9ರಡಿ ಅರ್ಜಿಯೂ ಬರಬಹುದು. ಆದ್ದರಿಂದ ಹೊರಡುವಾಗ ಗಂಡನಿಗೆ ವಾಟ್ಸಾಪ್ ಮಾಡಿ: ಹೆರಿಗೆಗೆ ಹೋಗುತ್ತಿದ್ದೇನೆ, ಇಂಥ ಊರಿನಲ್ಲಿರುತ್ತೇನೆ, ಡಾಕ್ಟರು ಕೊಟ್ಟ ತಾರೀಖು ಇದು. ಸಂಬಂಧ ತೀರಾ ಕೆಟ್ಟಿದ್ದರೆ ಅದನ್ನೇ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಹೆಜ್ಜೆ 3: ಡೈವೋರ್ಸಿಗಿಂತ ಮೊದಲು ಸೂರು ಮತ್ತು ದುಡ್ಡು

ಬಹಳ ಜನ ಮಾಡುವುದು ಉಲ್ಟಾ. ಡೈವೋರ್ಸ್ ಅರ್ಜಿ ಹಾಕಿ ವಾಯಿದೆಯಿಂದ ವಾಯಿದೆಗೆ ಓಡಾಡುತ್ತಾರೆ. ಅಷ್ಟರಲ್ಲಿ ಹೆರಿಗೆ ಬಂದಿರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಸಂಸಾರದಲ್ಲಿ ಹಿಂಸೆ ಇದ್ದರೆ ಮೊದಲು ಹಾಕಬೇಕಾದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ. ಮದುವೆಯಾಗಿ ವರ್ಷ ತುಂಬಿರಬೇಕು ಎಂಬ ಷರತ್ತು ಇದಕ್ಕಿಲ್ಲ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಬರಬೇಕು ಎಂದು ಕಾಯ್ದೆ ಹೇಳುತ್ತದೆ. ಕೋರ್ಟುಗಳಲ್ಲಿ ಇದಕ್ಕಿಂತ ತಡವಾಗುವುದು ಇದ್ದೇ ಇದೆ. ಆದರೂ ಆ ಸಾಲು ತೋರಿಸಿ ಕೇಳುವ ಹಕ್ಕು ನಿಮಗಿದೆ. ಗಂಡನ ಮನೆಯಲ್ಲೇ ಇರುವ ಹಕ್ಕು, ಬೇರೆ ಮನೆಯ ಬಾಡಿಗೆ, ಆಸ್ಪತ್ರೆ ಖರ್ಚು, ತುರ್ತು ಮಧ್ಯಂತರ ಆದೇಶ, ಎಲ್ಲವನ್ನೂ ಈ ಒಂದೇ ಅರ್ಜಿಯಲ್ಲಿ ಕೇಳಬಹುದು. ಕರ್ನಾಟಕದಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಇದಕ್ಕೆ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ.

ಹಿಂಸೆಯ ಮಾತಿಲ್ಲ, ಬರೀ ಖರ್ಚಿಗೆ ಕೊಡುತ್ತಿಲ್ಲ ಎಂದಾದರೆ ಜೀವನಾಂಶದ ಅರ್ಜಿ ಹಾಕಿ. ಇದಕ್ಕಿದ್ದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 125 ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 144 ಆಗಿದೆ. ಡೈವೋರ್ಸ್ ಕೇಸು ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24ರಲ್ಲೇ ಮಧ್ಯಂತರ ಜೀವನಾಂಶ ಕೇಳಬಹುದು. ಕೇಳುವಾಗ ‘ತಿಂಗಳಿಗೆ ಇಷ್ಟು’ ಎಂದು ಸುಮ್ನೆ ಬರೆಯಬೇಡಿ. ಸ್ಕ್ಯಾನಿಂಗ್, ಮಾತ್ರೆ, ಹೆರಿಗೆ, ಸಿಸೇರಿಯನ್ ಆದರೆ ಅದರ ಖರ್ಚು, ಬಾಣಂತನ, ಹೀಗೆ ಬಿಡಿಬಿಡಿಯಾಗಿ ಬರೆಸಿ. ಇಬ್ಬರೂ ಆಸ್ತಿ ಮತ್ತು ಆದಾಯದ ಅಫಿಡವಿಟ್ ಕೊಡಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ತಡ ಮಾಡಿದಷ್ಟೂ ನಷ್ಟ ನಿಮ್ಮದೇ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನೆ ಕೂರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಯಾವ ಹೆಂಗಸಿಗಾದರೂ ಉಚಿತ ವಕೀಲರು ಸಿಗಬೇಕು. ಆದಾಯದ ಮಿತಿ ಇಲ್ಲ. 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ.

ಹೆಜ್ಜೆ 4: ‘ಮ್ಯೂಚುಯಲ್’ ಅರ್ಜಿ. ಇಲ್ಲಿ ನಿಧಾನವಾಗಿ ಓದಿ

ಎಲ್ಲರೂ ಎಡವುವುದು ಇಲ್ಲೇ. ಹಿರಿಯರು ಕೂತು ಮಾತಾಡುತ್ತಾರೆ. ‘ಮಗು ಹುಟ್ಟುವ ಮೊದಲೇ ಮುಗಿಸಿಬಿಡೋಣ, ಆಮೇಲೆ ಹುಡುಗಿಗೆ ಕಷ್ಟ’ ಎನ್ನುತ್ತಾರೆ. ಪರಸ್ಪರ ಒಪ್ಪಿಗೆಯ ಅರ್ಜಿ ರೆಡಿಯಾಗುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಈ ಅರ್ಜಿ ಹಾಕಬೇಕಾದರೆ ಇಬ್ಬರೂ ಆಗಲೇ ಒಂದು ವರ್ಷದಿಂದ ಬೇರೆ ಇರಬೇಕು. ಈಗ ಲೆಕ್ಕ ಹಾಕಿ. ಹೊಟ್ಟೆಯಲ್ಲಿ ಐದು ತಿಂಗಳ ಮಗು ಇದೆ. ಅದು ಗಂಡನದೇ. ಒಂದು ವರ್ಷದಿಂದ ಬೇರೆ ಇದ್ದೇವೆ ಎಂದು ಹೇಗೆ ಬರೆಯುತ್ತೀರಿ?

ಆದರೂ ಬರೆಯುತ್ತಾರೆ. ಕೋರ್ಟಿನ ಪಕ್ಕದ ಟೈಪಿಂಗ್ ಅಂಗಡಿಯಲ್ಲಿ ನಮೂನೆ ಸಿದ್ಧವಾಗಿರುತ್ತದೆ. ಅದರಲ್ಲಿ ಮೂರು ಸಾಲು ಇದ್ದೇ ಇರುತ್ತವೆ. ಮೂರೂ ಗರ್ಭಿಣಿಗೆ ಅಪಾಯ.

‘ಅರ್ಜಿದಾರರು ಒಂದು ವರ್ಷಕ್ಕೂ ಮೇಲ್ಪಟ್ಟು ಪ್ರತ್ಯೇಕವಾಗಿ ವಾಸಿಸುತ್ತಿದ್ದಾರೆ.’ ಇದು ಪ್ರಮಾಣ ಮಾಡಿ ಹೇಳುವ ಮಾತು. ಮದುವೆ ಊರ್ಜಿತದಲ್ಲಿದ್ದಾಗ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ಒಪ್ಪುತ್ತದೆ. ಮದುವೆ ಮುರಿದು 280 ದಿನದೊಳಗೆ ಹುಟ್ಟಿದ ಮಗುವೂ, ತಾಯಿ ಮರುಮದುವೆಯಾಗಿಲ್ಲದಿದ್ದರೆ, ಅವನದೇ. ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 112 ಇದನ್ನು ಹೇಳುತ್ತಿತ್ತು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 116 ಹೇಳುತ್ತದೆ. ಇದನ್ನು ಸುಳ್ಳು ಮಾಡಲು ಗಂಡನಿಗೆ ಇರುವ ದಾರಿ ಒಂದೇ: ಆ ಸಮಯದಲ್ಲಿ ನಾವಿಬ್ಬರೂ ಸೇರಲು ಸಾಧ್ಯವೇ ಇರಲಿಲ್ಲ ಎಂದು ತೋರಿಸುವುದು. ವರ್ಷದಿಂದ ಬೇರೆ ಇದ್ದೇವೆ ಎಂದು ನೀವೇ ಸಹಿ ಹಾಕಿದರೆ ಆ ಸಾಕ್ಷಿಯನ್ನು ನಿಮ್ಮ ಕೈಯಾರೆ ಕೊಟ್ಟ ಹಾಗೆ. ಇಂದು ನಗುನಗುತ್ತಾ ಸಹಿ ಮಾಡಿದವನು ನಾಳೆ ಮಗುವಿಗೆ ಜೀವನಾಂಶ ಕೇಳಿದಾಗ ‘ಅದು ನನ್ನದಲ್ಲ, ಅವಳೇ ಬರೆದುಕೊಟ್ಟಿದ್ದಾಳೆ’ ಎನ್ನಬಹುದು. ಡಿಎನ್‌ಎ ಪರೀಕ್ಷೆಯನ್ನು ಕೇಳಿದಾಗಲೆಲ್ಲ ಕೊಡಬಾರದು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಅದು ತಾಯಿ–ಮಗುವಿನ ಮಾನ ಕಾಯುವ ಮಾತು. ಆ ರಕ್ಷಣೆಯನ್ನು ಒಂದು ಸುಳ್ಳು ಸಾಲಿಗೆ ಬಿಟ್ಟುಕೊಡಬೇಡಿ.

ಡೈವೋರ್ಸ್ ನಂತರ ಹುಟ್ಟಿದ ಮಗುವೂ ಹಿಂದಿನ ಗಂಡನದೇ ಎನ್ನುವ ನಿಯಮ ಹೆಂಗಸರನ್ನು ಎಲ್ಲಿಗೆ ತಳ್ಳಬಹುದು ಎಂಬುದಕ್ಕೆ ಜಪಾನ್ ನೋಡಿ. ಡೈವೋರ್ಸ್ ಆಗಿ 300 ದಿನದೊಳಗೆ ಹುಟ್ಟಿದ ಮಗು ಹಿಂದಿನ ಗಂಡನದು ಎಂದು ಅಲ್ಲಿನ ಕಾನೂನು ಹೇಳುತ್ತಿತ್ತು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡ ತಾಯಂದಿರು, ಅವನ ಹೆಸರು ಬರುತ್ತದೆ ಎಂದು ಹೆದರಿ ಮಗುವಿನ ಜನನವನ್ನೇ ನೋಂದಾಯಿಸುತ್ತಿರಲಿಲ್ಲ. ತಾಯಿ ಮರುಮದುವೆಯಾಗಿದ್ದರೆ ಮಗು ಹೊಸ ಗಂಡನದು ಎಂಬ ತಿದ್ದುಪಡಿ ಜಾರಿಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ.

‘ಈ ದಾಂಪತ್ಯದಿಂದ ಮಕ್ಕಳಿಲ್ಲ.’ ಎರಡನೇ ಸಾಲು. ಹುಟ್ಟಿಲ್ಲವಲ್ಲ, ಹಾಗಾಗಿ ಸುಳ್ಳಲ್ಲ ಎಂದು ಸಮಜಾಯಿಷಿ ಕೊಡುತ್ತಾರೆ. ಒಪ್ಪಬೇಡಿ. ಗರ್ಭದ ವಿಷಯ ಮುಚ್ಚಿಟ್ಟು ಪಡೆದ ಡಿಕ್ರಿಯನ್ನು (ಕೋರ್ಟಿನ ಡೈವೋರ್ಸ್ ಆದೇಶವನ್ನು) ಮುಂದೆ ಪ್ರಶ್ನಿಸಲು ಅವಕಾಶ ಉಳಿಯುತ್ತದೆ. ನಾನಾದರೆ ಇಷ್ಟನ್ನು ಬರೆಸುತ್ತೇನೆ: ‘ಪತ್ನಿ ಗರ್ಭಿಣಿ. ಹೆರಿಗೆಯ ನಿರೀಕ್ಷಿತ ದಿನ ಇಂಥದ್ದು. ಮಗು ತಮ್ಮಿಬ್ಬರದೇ ಎಂದು ಇಬ್ಬರೂ ಒಪ್ಪಿದ್ದಾರೆ. ಹೆರಿಗೆ ಖರ್ಚು ಪತಿಯದು. ಮಗು ಹುಟ್ಟಿದಂದಿನಿಂದ ತಿಂಗಳಿಗೆ ಇಷ್ಟು.’ ಇದನ್ನು ಬರೆಯಲು ಗಂಡನ ಕಡೆಯವರು ಒಪ್ಪದಿದ್ದರೆ ಅವರ ಲೆಕ್ಕಾಚಾರ ಏನೆಂದು ಅಲ್ಲೇ ಗೊತ್ತಾಯಿತು, ಅಲ್ವಾ?

‘ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ.’ ಮೂರನೆಯದು. ನಿಮ್ಮ ಪಾಲಿನ ಜೀವನಾಂಶದ ವಿಷಯ ನಿಮ್ಮಿಷ್ಟ. ಮಗುವಿನದನ್ನು ಬಿಟ್ಟುಕೊಡಲು ನಿಮಗೂ ಅಧಿಕಾರ ಇಲ್ಲ. ಹಾಗೆ ಬರೆದುಕೊಟ್ಟಿದ್ದರೂ ಮಗುವಿನ ಹಕ್ಕು ಹೋಗುವುದಿಲ್ಲ. ಈಗಾಗಲೇ ಸಹಿ ಹಾಕಿದವರು ಇದನ್ನು ನೆನಪಿಡಿ.

ಹಾಗಾದರೆ ಮ್ಯೂಚುಯಲ್ ಆಗುವುದೇ ಇಲ್ಲವೇ? ಆಗುತ್ತದೆ, ನಿಜವಾದ ತಾರೀಖಿನಿಂದ ವರ್ಷ ತುಂಬಿದ ಮೇಲೆ. ಬಹುಪಾಲು ಅಷ್ಟರಲ್ಲಿ ಹೆರಿಗೆಯಾಗಿರುತ್ತದೆ. ‘ಸುಪ್ರೀಂ ಕೋರ್ಟ್ 2017ರಲ್ಲಿ ಕಾಯುವುದು ಬೇಡ ಅಂದಿದೆ’ ಎಂದು ಕೆಲವರು ಹೇಳುತ್ತಾರೆ. ಆ ತೀರ್ಪು ಅರ್ಜಿ ಹಾಕಿದ ನಂತರ ಕಾಯಬೇಕಾದ ಆರು ತಿಂಗಳ ಬಗ್ಗೆ. ಅದಕ್ಕೂ ಮುಂಚಿನ ಒಂದು ವರ್ಷದ ಬಗ್ಗೆ ಅಲ್ಲ. ಇನ್ನೊಂದು ಮಾತು: ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸು ಪಡೆಯಬಹುದು. ಆದ್ದರಿಂದ ಒಪ್ಪಿದ ಹಣದ ಒಂದು ಪಾಲು ಅರ್ಜಿ ಹಾಕುವ ದಿನವೇ ಡಿಡಿ ಆಗಿ ಕೈಗೆ ಬರಲಿ. ಇದರಲ್ಲಿ ಸಂಕೋಚ ಬೇಡ.

ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸುವ ಡೈವೋರ್ಸಿಗೆ ಬೆಲೆಯಿಲ್ಲ. ಆನ್‌ಲೈನ್‌ನಲ್ಲಿ ದುಡ್ಡಿಗೆ ಸಿಗುವ ರೆಡಿಮೇಡ್ ಒಪ್ಪಂದವೂ ಅಷ್ಟೇ. ಪಂಚಾಯಿತಿ ಕಟ್ಟೆಯ ಬಿಡುಗಡೆ ಪತ್ರಕ್ಕೆ, ನಿಮ್ಮ ಸಮುದಾಯದಲ್ಲಿ ಅಂಥ ಪದ್ಧತಿ ಇದೆಯೆಂದು ಕೋರ್ಟಿನಲ್ಲಿ ಸಾಬೀತು ಮಾಡಿದರೆ ಮಾತ್ರ ಬೆಲೆ. ಬಸುರಿಯಾಗಿದ್ದಾಗ ಆ ಪತ್ರ ನಂಬಿ ಕೂರಬೇಡಿ.

ಹೆಜ್ಜೆ 5: ಒಬ್ಬರೇ ಅರ್ಜಿ ಹಾಕುವುದಾದರೆ

ಮದುವೆಯಾಗಿ ವರ್ಷ ಕಳೆದಿದ್ದರೆ ಕ್ರೌರ್ಯದ ಕಾರಣಕ್ಕೆ ಗರ್ಭಿಣಿಯಾಗಿದ್ದಾಗಲೇ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ಈಗ ಇರುವ ಊರಿನಲ್ಲೇ ಹಾಕಬಹುದು, ಅಂದರೆ ತವರಿನಲ್ಲಿ. ವರ್ಷ ತುಂಬಿಲ್ಲದಿದ್ದರೆ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 14 ಅಡ್ಡ ಬರುತ್ತದೆ. ಅಸಾಧಾರಣ ಕಷ್ಟ ಇದ್ದರೆ ಕೋರ್ಟು ಮೊದಲೇ ಅನುಮತಿ ಕೊಡಬಹುದು. ಬಸುರಿಯ ಹೊಟ್ಟೆಗೆ ಒದ್ದವನ ಜೊತೆ ವರ್ಷ ತುಂಬಲಿ ಎಂದು ಕಾಯಬೇಕಿಲ್ಲ.

ಗಂಡನ ವಕೀಲರಿಂದ ಒಂದು ವಾದ ಬರಬಹುದು: ‘ಕ್ರೌರ್ಯ ಇದ್ದಿದ್ದರೆ ಗರ್ಭಿಣಿ ಹೇಗಾದಳು? ಅಂದರೆ ಕ್ಷಮಿಸಿದ್ದಾಳೆ.’ ಕೇಳಲು ಹೇಸಿಗೆಯಾಗುತ್ತದೆ, ಆದರೆ ಕೋರ್ಟಿನಲ್ಲಿ ಕೇಳಿಸುತ್ತದೆ. ಕ್ಷಮಿಸಿದ ಮೇಲೂ ಹಿಂಸೆ ಮತ್ತೆ ನಡೆದರೆ ಹಳೆಯ ಕ್ರೌರ್ಯಕ್ಕೂ ಜೀವ ಬರುತ್ತದೆ. ಅದಕ್ಕೆ, ಗರ್ಭಿಣಿಯಾದ ನಂತರ ಏನೇನು ನಡೆಯಿತು ಎಂದು ತಾರೀಖಿನ ಸಮೇತ ಅರ್ಜಿಯಲ್ಲಿ ಬರೆಸಿ.

ಗರ್ಭ ಮುಂದುವರಿಸಬೇಕೋ ಬೇಡವೋ ಎಂಬುದು ನಿಮ್ಮ ನಿರ್ಧಾರ. 18 ತುಂಬಿದ ಹೆಂಗಸಿನ ಗರ್ಭಪಾತಕ್ಕೆ ಗಂಡನ ಒಪ್ಪಿಗೆ ಬೇಕಿಲ್ಲ, ಅವಳದ್ದೇ ಸಾಕು. ಗರ್ಭಪಾತದ 2021ರ ನಿಯಮದಲ್ಲಿ, ಗರ್ಭಿಣಿಯಾಗಿದ್ದಾಗ ವೈವಾಹಿಕ ಸ್ಥಿತಿ ಬದಲಾದವರಿಗೆ 24 ವಾರದವರೆಗೆ ಅವಕಾಶವಿದೆ. ಇದಕ್ಕೆ ಡೈವೋರ್ಸ್ ಡಿಕ್ರಿಯೇ ಬೇಕೆಂದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. ಆದ್ದರಿಂದ ‘ಡಿಕ್ರಿ ತಗೊಂಡು ಬಾ’ ಎಂದು ಯಾರಾದರೂ ವಾಪಸು ಕಳಿಸಿದರೆ ಅಲ್ಲಿಗೇ ಬಿಡಬೇಡಿ. ಅದೇ ದಿನ ಕಾನೂನು ನೆರವಿಗೆ ಫೋನ್ ಮಾಡಿ, ವಾರಗಳು ಬೇಗ ಓಡುತ್ತವೆ.

ಗರ್ಭಿಣಿ ಮುಸ್ಲಿಂ ಹೆಣ್ಣುಮಕ್ಕಳಿಗೆ ಇದ್ದತ್ (ತಲಾಖ್ ನಂತರ ಕಾಯಬೇಕಾದ) ಅವಧಿ ಹೆರಿಗೆಯವರೆಗೆ ಇರುತ್ತದೆ. ಡೈವೋರ್ಸ್ ಆದ ಮುಸ್ಲಿಂ ಹೆಂಗಸರಿಗಾಗಿ ಇರುವ 1986ರ ಕಾಯ್ದೆ ಪ್ರಕಾರ ಮಗು ಹುಟ್ಟಿ ಎರಡು ವರ್ಷದವರೆಗೆ ಅದರ ಖರ್ಚನ್ನು ತಾಯಿಗೆ ಕೊಡಬೇಕು. ಒಂದೇ ಉಸಿರಿನ ಮೂರು ತಲಾಖ್ 2019ರಿಂದ ಅಪರಾಧ, ಅದರಿಂದ ಮದುವೆ ಮುರಿಯುವುದಿಲ್ಲ.

ಅಮೆರಿಕದಲ್ಲಿರುವ ಹೆಣ್ಣುಮಕ್ಕಳಿಗೆ

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆ ನಮ್ಮವರು ತುಂಬಾ ಇದ್ದಾರೆ. ಟೆಕ್ಸಾಸ್‌ನಲ್ಲಿ ಅರ್ಜಿ ಹಾಕಬಹುದು, ಆದರೆ ಹೆರಿಗೆಗೆ ಮುಂಚೆ ನ್ಯಾಯಾಧೀಶರು ಅಂತಿಮ ಆದೇಶ ಕೊಡುವುದಿಲ್ಲ ಎಂಬುದು ಅಲ್ಲಿನ ರೂಢಿ. ಮಗುವಿನ ಸುಪರ್ದಿ ಮತ್ತು ಖರ್ಚನ್ನೂ ಅದೇ ಆದೇಶದಲ್ಲಿ ಸೇರಿಸಬೇಕು ಎಂಬುದು ಅವರು ಕೊಡುವ ಕಾರಣ. ಮಿಸೌರಿಯಲ್ಲಿ ಹೆಂಡತಿ ಗರ್ಭಿಣಿಯೇ ಎಂದು ಅರ್ಜಿಯಲ್ಲೇ ಬರೆಯಬೇಕು. ಗರ್ಭಿಣಿ ಎಂಬ ಕಾರಣಕ್ಕೆ ಅಂತಿಮ ಆದೇಶ ತಡೆಯಬಾರದು ಎನ್ನುವ ಮಸೂದೆ ಅಲ್ಲಿ 2024ರಲ್ಲಿ ಮಂಡನೆಯಾಯಿತು. ಚೀನಾದಲ್ಲಿ ಇದಕ್ಕೆ ತದ್ವಿರುದ್ಧ. ಹೆಂಡತಿ ಗರ್ಭಿಣಿಯಾಗಿದ್ದಾಗ ಮತ್ತು ಹೆರಿಗೆಯಾಗಿ ಒಂದು ವರ್ಷದವರೆಗೆ ಗಂಡ ಸಾಮಾನ್ಯವಾಗಿ ಡೈವೋರ್ಸ್ ಕೇಳುವಂತಿಲ್ಲ, ಹೆಂಡತಿ ಕೇಳಬಹುದು. ತಡೆ ಇರಲೇಬೇಕು ಎಂದಾದರೆ ಹೀಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಟೆಕ್ಸಾಸ್‌ನಲ್ಲಿರುವವರು ಹೆರಿಗೆಯವರೆಗೆ ಸುಮ್ಮನೆ ಕಾಯಬೇಕಿಲ್ಲ. ಅರ್ಜಿ ಹಾಕಿದ ಕೂಡಲೇ ತಾತ್ಕಾಲಿಕ ಆದೇಶ ಮತ್ತು ರಕ್ಷಣಾ ಆದೇಶ ಕೇಳಬಹುದು. ಎಚ್4 ವೀಸಾದಲ್ಲಿ (ಗಂಡನ ಎಚ್1ಬಿಯಂಥ ಕೆಲಸದ ವೀಸಾ ಆಧರಿಸಿ ಹೆಂಡತಿಗೆ ಸಿಗುವ ವೀಸಾ) ಇದ್ದರೆ ಡೈವೋರ್ಸ್ ಅಂತಿಮವಾದ ದಿನ ಆ ಸ್ಥಾನಮಾನ ಹೋಗುತ್ತದೆ. ಹಿಂಸೆ ಅನುಭವಿಸಿದ ಎಚ್4 ಹೆಂಡತಿಯರಿಗೆ ಕೆಲಸದ ಪರವಾನಗಿ ಕೇಳಲು ಐ-765ವಿ ಎಂಬ ಪ್ರತ್ಯೇಕ ಫಾರ್ಮ್ ಇದೆ. ಡೈವೋರ್ಸ್ ವಕೀಲರ ಜೊತೆಗೆ ಇಮಿಗ್ರೇಷನ್ ವಕೀಲರನ್ನೂ ಮೊದಲೇ ಕಾಣಿ.

ಹೆಜ್ಜೆ 6: ಹೆರಿಗೆಯಾದ ಮೇಲೆ

ಜನನ ನೋಂದಣಿ 21 ದಿನದೊಳಗೆ ಆಗಲಿ. ಸರ್ಟಿಫಿಕೇಟ್ ಬಂದ ಕೂಡಲೇ ವಕೀಲರಿಗೆ ಕೊಟ್ಟು, ನಡೆಯುತ್ತಿರುವ ಪ್ರತಿ ಕೇಸಿನಲ್ಲೂ ಮಗುವಿನ ಹೆಸರು ಸೇರಿಸಲು ಅರ್ಜಿ ಹಾಕಿಸಿ. ಜೀವನಾಂಶದ ಮೊತ್ತ ಹೆಚ್ಚಿಸಲು ಬೇರೆ ಅರ್ಜಿ ಬೇಕು, ತಾನಾಗಿ ಹೆಚ್ಚುವುದಿಲ್ಲ. ಡಿಕ್ರಿ ಆಗಲೇ ಬಂದಿದ್ದರೂ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26ರಡಿ ಮಗುವಿನ ಸುಪರ್ದಿ ಮತ್ತು ಖರ್ಚಿನ ಬಗ್ಗೆ ಅದೇ ಕೋರ್ಟಿಗೆ ಮತ್ತೆ ಹೋಗಬಹುದು.